ಘಟ್ಟದ ಮೇಲಿನ ರಾಜ್ಯ, ಘಟ್ಟದ ಕೆಳಗಿನ ಕಡಲು

ಬಿಸಿಲೆಯ ಬೆಟ್ಟದ ಏಣಿನ ಮೇಲೆ ಬಿದ್ದ ಮಳೆಗೆ ಎರಡು ದಾರಿ. ಪೂರ್ವಕ್ಕೆ ಜಾರಿದ ನೀರು ಹೇಮಾವತಿ ಸೇರಿ, ಕಾವೇರಿಯಾಗಿ ಶ್ರೀರಂಗಪಟ್ಟಣವನ್ನು ಬಳಸಿಕೊಂಡು ಬಂಗಾಳ ಕೊಲ್ಲಿಯ ಕಡೆಗೆ ಹೋಗುತ್ತದೆ. ಪಶ್ಚಿಮಕ್ಕೆ ಜಾರಿದ್ದು ಕುಮಾರಧಾರೆಯಾಗಿ ಸುಬ್ರಹ್ಮಣ್ಯದ ಮಗ್ಗುಲಲ್ಲಿ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು, ಮಂಗಳೂರಿನ ಅಳಿವೆಯಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ರಾಜಧಾನಿ ಇದ್ದದ್ದು ಮೊದಲನೆಯ ನೀರಿನ ನಡುವಿನ ದ್ವೀಪದಲ್ಲಿ. ಅದರ ಹಡಗುಕಟ್ಟೆ ಇದ್ದದ್ದು ಎರಡನೆಯ ನೀರಿನ ಬಾಯಲ್ಲಿ. ನಡುವೆ ಈ ಮಲೆ.

ಮೈಸೂರಿನ ನೌಕಾಪಡೆಯ ಕಥೆ ಹೇಳುವವರು ಸಾಮಾನ್ಯವಾಗಿ ಕಡಲತೀರದಿಂದ ಶುರು ಮಾಡುತ್ತಾರೆ. ನನ್ನ ಮಟ್ಟಿಗೆ ಅದು ಘಟ್ಟದಿಂದ ನೋಡಬೇಕಾದ ಕಥೆ. ಹೈದರಾಲಿ ಮತ್ತು ಟಿಪ್ಪು ಸುಮಾರು ಮೂವತ್ತೈದು ವರ್ಷ ಹಡಗು ಕಟ್ಟಿದರು, ಕಳೆದುಕೊಂಡರು, ಮತ್ತೆ ಕಟ್ಟಿದರು. ಸಮುದ್ರದ ಕಡೆಯಿಂದ ಹೋದ ಮಂಗಳೂರನ್ನು ಅವರು ಎರಡು ಸಲ ವಾಪಸು ಪಡೆದರು, ಎರಡು ಸಲವೂ ಘಟ್ಟ ಇಳಿದು ಬಂದ ಸೈನ್ಯದಿಂದ. ಕಡಲಿನ ಮೇಲೆ ಮಾತ್ರ ಇಂಗ್ಲಿಷರ ಎದುರು ಒಂದು ಸಲವೂ ಗೆಲ್ಲಲಿಲ್ಲ. ಮರವಿತ್ತು, ತೋಪಿತ್ತು, ಹಣವಿತ್ತು, ಬಂದರುಗಳಿದ್ದವು, ಆಸೆಯಂತೂ ಬೇಕಾದಷ್ಟಿತ್ತು. ಹಾಗಾದರೆ ಯಾಕೆ?

ಹೈದರಾಲಿಗೆ ಕಡಲು ಸಿಕ್ಕಿದ್ದು 1763ರ ಜನವರಿಯಲ್ಲಿ, ಬಿದನೂರನ್ನು ಗೆದ್ದಾಗ. ರಾಣಿ ವೀರಮ್ಮಾಜಿಯ ಕೈಯಿಂದ ಕೆಳದಿ ರಾಜ್ಯ ಹೋದದ್ದೇ ತಡ, ಅದರ ಜೊತೆಗೆ ಮಂಗಳೂರು, ಬಸರೂರು, ಭಟ್ಕಳ, ಹೊನ್ನಾವರ, ಮಿರ್ಜಾನ್ ಎಲ್ಲವೂ ಮೈಸೂರಿನ ತೆಕ್ಕೆಗೆ ಬಂದವು. ಇವೇನು ಸಣ್ಣಪುಟ್ಟ ಹಳ್ಳಿಗಳಲ್ಲ. 1510ರಲ್ಲಿ ಪೋರ್ಚುಗೀಸರಿಗೆ ಗೋವಾದ ದಾರಿ ತೋರಿಸಿದ ತಿಮ್ಮೋಜಿಯ ನೆಲೆ ಹೊನ್ನಾವರ. ಅದೇ ಪೋರ್ಚುಗೀಸರನ್ನು ಎದುರು ಹಾಕಿಕೊಂಡು ನಿಂತವರು ಉಳ್ಳಾಲದ ಅಬ್ಬಕ್ಕರು. 1665ರಲ್ಲಿ ಶಿವಾಜಿ ಮೂರು ದೊಡ್ಡ ಹಡಗು, 85 ಸಣ್ಣ ಯುದ್ಧನೌಕೆಗಳೊಂದಿಗೆ ಬಂದು ಸೂರೆ ಮಾಡಿದ್ದು ಬಸರೂರನ್ನು. ಕೆನರಾದ ಅಕ್ಕಿ ಗೋವಾಕ್ಕೂ ಹೋಗುತ್ತಿತ್ತು, ಮಸ್ಕತ್ತಿಗೂ ಹೋಗುತ್ತಿತ್ತು. ಹೀಗೆ ಕಡಲನ್ನು ಬಲ್ಲ ಜನ, ಹಡಗು ಬಲ್ಲ ಬಡಗಿಗಳು ಈ ತೀರದಲ್ಲಿ ಎಂದಿನಿಂದಲೋ ಇದ್ದರು. ಕುದುರೆಯ ಮೇಲೆ ಬೆಳೆದ ಹೈದರ್ ಇಲ್ಲಿಗೆ ಬಂದು ಕಡಲನ್ನು ಕಂಡ ವರ್ಷಗಳಲ್ಲೇ ಹಡಗು ಕಟ್ಟಿಸಲು ಶುರು ಮಾಡಿದ. ಒಳನಾಡಿನ ದೊರೆಗಳಲ್ಲಿ ಇಂಥ ಕಣ್ಣು ಅಪರೂಪ.

ಆ ಕಾಲದ ನಮ್ಮ ತೀರದ ಯುದ್ಧನೌಕೆ ಎಂದರೆ ಮುಖ್ಯವಾಗಿ ಗುರಾಬು ಮತ್ತು ಗಲ್ಲಿವತ್ತು. ಗುರಾಬಿಗೆ ಎರಡು ಅಥವಾ ಮೂರು ಕೂವೆಮರ. ಎರಡು ಕೂವೆಯದ್ದು ಸುಮಾರು 150 ಟನ್, ಮೂರರದ್ದು 300 ಟನ್. ತಳ ಆಳವಿಲ್ಲ, ಆದ್ದರಿಂದ ಮರಳುದಿಣ್ಣೆ ದಾಟಿ ಹೊಳೆಯ ಬಾಯಿಗೆ ನುಗ್ಗಬಲ್ಲದು. ಮೂತಿ ಉದ್ದಕ್ಕೆ ಮುಂದೆ ಚಾಚಿಕೊಂಡು, ನೀರಿಗೆ ತಗ್ಗಾಗಿ ಇರುತ್ತಿತ್ತು. ಅಲ್ಲಿ ಎರಡು ದೊಡ್ಡ ತೋಪು ನೆಟ್ಟಗೆ ಮುಂದಕ್ಕೆ ಗುರಿಯಿಟ್ಟು ನಿಲ್ಲುತ್ತಿದ್ದವು. ಗಲ್ಲಿವತ್ತು ಇನ್ನೂ ಹಗುರ. ದೊಡ್ಡದೂ 70 ಟನ್ ಮೀರುವುದು ಕಡಿಮೆ. ನಲವತ್ತು ಐವತ್ತು ಹುಟ್ಟುಗಳು. ಗಾಳಿ ಬಿದ್ದ ಮಧ್ಯಾಹ್ನ, ಯುರೋಪಿನ ಎತ್ತರದ ಹಡಗು ಹಾಯಿ ಇಳಿಬಿಟ್ಟು ಅಲುಗಾಡದೆ ನಿಂತಾಗ, ಗಲ್ಲಿವತ್ತುಗಳು ಗುರಾಬನ್ನು ಹಗ್ಗ ಕಟ್ಟಿ ಎಳೆದು ತಂದು ಅದರ ಹಿಂಬದಿಗೆ ನಿಲ್ಲಿಸುತ್ತಿದ್ದವು. ಹಿಂಬದಿಯಲ್ಲಿ ದೊಡ್ಡ ಹಡಗಿಗೆ ತೋಪು ಕಡಿಮೆ. ತೀರದ ಹತ್ತಿರ, ಶಾಂತ ನೀರಿನಲ್ಲಿ ಇದು ಭಯಂಕರ ಆಯುಧ. ನಡುಗಡಲಿನಲ್ಲಿ, ಗಾಳಿ ಬೀಸುವಾಗ, ಎಪ್ಪತ್ತನಾಲ್ಕು ತೋಪಿನ ಹಡಗಿನ ಪಕ್ಕೆಗೆ ಸಿಕ್ಕಿದರೆ ಉಳಿಗಾಲವಿಲ್ಲ. ಹೈದರ್ ಎರಡೂ ಬಗೆಯದ್ದನ್ನು ಬಯಸಿದ. ತೀರದ ನೌಕೆಗಳ ಜೊತೆಗೆ ಯುರೋಪಿನ ಮಾದರಿಯ ಮೂರು ಕೂವೆಯ ಹಡಗುಗಳನ್ನೂ ಕಟ್ಟಿಸಿದ.

ತೊಡಕು ಬಂದದ್ದು ನೌಕೆಗಳನ್ನು ನಡೆಸುವವರ ವಿಷಯದಲ್ಲಿ. ಮೊದಲು ಕಣ್ಣೂರಿನ ಅರಕ್ಕಲ್ ಮನೆತನದ ಅಲಿ ರಾಜನಿಗೆ ನೌಕಾಪಡೆ ಒಪ್ಪಿಸಿದ. ಸಮುದ್ರ ಬಲ್ಲ ಮನೆತನ ಅದು, ಆಯ್ಕೆ ಸರಿಯಾಗಿಯೇ ಇತ್ತು. ಆದರೆ ಹೈದರನ ಕಡೆ ದುಡಿದ ಫ್ರೆಂಚ್ ಸೈನಿಕ ಮೇಸ್ತ್ರ ದ ಲಾ ತೂರ್ ಬರೆದಿರುವ ಪ್ರಕಾರ, ಅಲಿ ರಾಜ ಮಾಲ್ಡೀವ್ಸ್ ಗೆದ್ದು ಅಲ್ಲಿನ ಸುಲ್ತಾನನ ಕಣ್ಣು ಕೀಳಿಸಿ ಹೈದರನ ಮುಂದೆ ತಂದು ನಿಲ್ಲಿಸಿದ. ಅದನ್ನು ಕಂಡು ಸಿಟ್ಟಿಗೆದ್ದ ಹೈದರ್ ಅಲಿ ರಾಜನನ್ನು ಹುದ್ದೆಯಿಂದ ಕಿತ್ತುಹಾಕಿದನಂತೆ. ಲಾ ತೂರನ ಮಾತನ್ನೆಲ್ಲ ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಮುಂದೆ ಆದದ್ದಕ್ಕೆ ಬೇರೆ ದಾಖಲೆಗಳಿವೆ. ನೌಕಾಪಡೆಯ ಮುಖ್ಯಸ್ಥನಾಗಿ ಲುತ್ಫ್ ಅಲಿ ಬೇಗ್ ಬಂದ. ಅವನು ಅಶ್ವದಳದ ಅಧಿಕಾರಿ.

ಇದರ ಫಲ 1768ರ ಆರಂಭದಲ್ಲಿ ಕಾಣಿಸಿತು. ಮೊದಲ ಮೈಸೂರು ಯುದ್ಧ ನಡೆಯುತ್ತಿತ್ತು. ಬೊಂಬಾಯಿಯಿಂದ ಇಂಗ್ಲಿಷರ ನೌಕಾದಳ ಕೆನರಾ ತೀರಕ್ಕೆ ಬಂತು. ಹೊನ್ನಾವರದ ಎದುರಿಗೆ ಅದು ಕಾಣಿಸಿಕೊಂಡಾಗ ಹೈದರನ ಎರಡು ಹಡಗು, ಎರಡು ಗುರಾಬು, ಹತ್ತು ಗಲ್ಲಿವತ್ತುಗಳು ಒಂದು ಗುಂಡು ಹಾರಿಸದೆ ಹೋಗಿ ಶತ್ರುವನ್ನು ಸೇರಿಕೊಂಡವು. ಕುದುರೆ ಸವಾರನೊಬ್ಬ ತಮ್ಮ ಮೇಲೆ ಬಂದು ಕುಳಿತದ್ದನ್ನು ಕಪ್ತಾನರು ಸಹಿಸಲಿಲ್ಲ ಎಂದು ಆ ಯುದ್ಧಗಳ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ನನಗೆ ಇಡೀ ಕಥೆಯಲ್ಲಿ ಅತ್ಯಂತ ನೋವಿನ ಕ್ಷಣ ಇದೇ. ಮುಂದೆ ಬೆಂಕಿಗೆ ಹೋದ ಹಡಗುಗಳಿಗಿಂತ, ಬಿರುಗಾಳಿಗೆ ಹೋದ ಹಡಗುಗಳಿಗಿಂತ ಇದು ದೊಡ್ಡ ನಷ್ಟ. ಹಡಗಿನ ಮೇಲೆ ಅಧಿಕಾರ ಎನ್ನುವುದು ದರಬಾರಿನಲ್ಲಿ ಕೊಡುವ ಖಿಲ್ಲತ್ತಲ್ಲ. ಗಾಳಿಯ ದಿಕ್ಕು ತಿರುಗುವ ಮುನ್ನ ಅದನ್ನು ಅರಿಯುವವನ ಮಾತನ್ನು ತಂಡೇಲರು ಕೇಳುತ್ತಾರೆ, ಉಳಿದವರದ್ದನ್ನು ಕೇಳುವುದಿಲ್ಲ. ಹೈದರನಂಥ ಜನರನ್ನು ಅಳೆಯಬಲ್ಲ ದೊರೆಗೆ ಇದು ಹೊಳೆಯಲಿಲ್ಲ.

ಹೊನ್ನಾವರ ಹೋಯಿತು, ಮಂಗಳೂರು ಹೋಯಿತು. ಆಗ ಘಟ್ಟದ ಮೇಲಿನಿಂದ ಸೈನ್ಯ ಇಳಿಯಿತು. ಹದಿನೇಳು ವರ್ಷದ ಟಿಪ್ಪು ಆ ದಂಡಿನಲ್ಲಿದ್ದ. ಮೇ ತಿಂಗಳಲ್ಲಿ ಹೈದರ್ ಮಂಗಳೂರು ತಲುಪುವ ಹೊತ್ತಿಗೆ ಇಂಗ್ಲಿಷರಿಗೆ ಎಷ್ಟು ಗಾಬರಿಯಾಯಿತೆಂದರೆ, ಗಾಯಾಳುಗಳನ್ನೂ ತೋಪುಗಳನ್ನೂ ಬಿಟ್ಟು ಹಡಗು ಹತ್ತಿ ಹೊರಟುಹೋದರು. ಕೆಲವೇ ವಾರಗಳಲ್ಲಿ ಇಡೀ ಕರಾವಳಿ ಮತ್ತೆ ಮೈಸೂರಿನದಾಯಿತು. ಹಡಗುಗಳು ಮಾತ್ರ ವಾಪಸು ಬರಲಿಲ್ಲ.

ಹೈದರ್ ಮತ್ತೆ ಶುರು ಮಾಡಿದ. 1775ರ ಹೊತ್ತಿಗೆ ಅವನ ನೌಕೆಗಳು ಮಲಬಾರಿನ ದಕ್ಷಿಣದವರೆಗೂ ಓಡಾಡುತ್ತಿದ್ದವು. ಆ ವರ್ಷ ಫೆಬ್ರವರಿ 19ರಂದು, ಈಸ್ಟ್ ಇಂಡಿಯಾ ಕಂಪನಿಯ ಹಣ ಹೊತ್ತು ಬೊಂಬಾಯಿಗೆ ಹೋಗುತ್ತಿದ್ದ ಸೀಹಾರ್ಸ್ ಎಂಬ ಬ್ರಿಟಿಷ್ ಯುದ್ಧನೌಕೆಗೆ ಹೈದರನ ಎರಡು ಸಣ್ಣ ಯುದ್ಧನೌಕೆಗಳು ಎದುರಾದವು. ಸ್ವಲ್ಪ ಹೊತ್ತು ಗುಂಡಿನ ವಿನಿಮಯವಾಯಿತು, ಮೈಸೂರಿನ ನೌಕೆಗಳು ಹಿಂದೆ ಸರಿದವು. ಅಷ್ಟೇ. ಯಾರೂ ನೆನಪಿಡದಂಥ ಚಕಮಕಿ. ಆದರೆ ಸೀಹಾರ್ಸ್‌ನಲ್ಲಿ ಹದಿನಾರು ವರ್ಷದ ಒಬ್ಬ ತೆಳ್ಳನೆಯ ಹುಡುಗನಿದ್ದ. ಅವನು ಜೀವನದಲ್ಲಿ ಮೊದಲ ಸಲ ಕಾಳಗ ಕಂಡದ್ದು ಅಂದು. ಹೆಸರು ಹೊರೇಷಿಯೊ ನೆಲ್ಸನ್. ಟ್ರಫಾಲ್ಗರಿನ ನೆಲ್ಸನ್‌ಗೆ ತೋಪಿನ ಹೊಗೆಯ ಮೊದಲ ಪರಿಚಯ ಮಾಡಿಸಿದ್ದು ಮೈಸೂರಿನ ನೌಕೆಗಳು ಎಂಬುದನ್ನು ನಮ್ಮ ಶಾಲಾ ಪುಸ್ತಕಗಳು ಹೇಳಬೇಕಿತ್ತು.

ಇತ್ತ ಭಟ್ಕಳ, ಮಂಗಳೂರುಗಳಲ್ಲಿ ಯುರೋಪಿನ ಕುಶಲಕರ್ಮಿಗಳನ್ನು ಇಟ್ಟುಕೊಂಡು ಕೆಲಸ ನಡೆದಿತ್ತು. 1780ರಲ್ಲಿ ಎರಡನೆಯ ಯುದ್ಧ ಶುರುವಾಯಿತು. ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷ್ ಸೇನಾನಿ ಬೇಯ್ಲಿಯ ಸೈನ್ಯವನ್ನು ಪುಡಿಗಟ್ಟಿದರು. ಭಾರತದಲ್ಲಿ ಅಲ್ಲಿಯವರೆಗೆ ಇಂಗ್ಲಿಷರಿಗೆ ಅಂಥ ಸೋಲಾಗಿರಲಿಲ್ಲ. ಅದಾದ ಮೂರು ತಿಂಗಳಿಗೆ ಕಡಲು ಲೆಕ್ಕ ಚುಕ್ತಾ ಮಾಡಿತು.

ಇದಕ್ಕೆ ಕಾರಣ ಮಳೆಗಾಳಿಯ ಲೆಕ್ಕಾಚಾರ. ಅಕ್ಟೋಬರಿನಿಂದ ಈಶಾನ್ಯ ಮಾರುತ ಬೀಸತೊಡಗಿದರೆ ಮದ್ರಾಸಿನ ತೀರದಲ್ಲಿ ದೊಡ್ಡ ಹಡಗು ಲಂಗರು ಹಾಕಿ ನಿಲ್ಲುವಂತಿಲ್ಲ. ಅಲ್ಲಿ ಆಸರೆಯ ಬಂದರೇ ಇಲ್ಲ. ಹಾಗಾಗಿ ಬ್ರಿಟಿಷ್ ನೌಕಾದಳ ಪ್ರತಿವರ್ಷದ ರೂಢಿಯಂತೆ ಕನ್ಯಾಕುಮಾರಿ ಸುತ್ತಿ ಬೊಂಬಾಯಿಗೆ ಹೋಗುತ್ತಿತ್ತು. ಅಲ್ಲಿ ಒಣಕಟ್ಟೆ ಇತ್ತು, ತಳ ಕೆರೆದು ದುರಸ್ತಿ ಮಾಡಬಹುದಿತ್ತು. ಆ ದಾರಿಯಲ್ಲೇ ಸಿಗುವುದು ಮಂಗಳೂರು. 1780ರ ಡಿಸೆಂಬರ್ 8ರಂದು ಅಡ್ಮಿರಲ್ ಸರ್ ಎಡ್ವರ್ಡ್ ಹ್ಯೂಸ್‌ನ ದಳ ಹೀಗೆ ಸಾಗುವಾಗ ಮಂಗಳೂರಿನ ಎದುರು ಲಂಗರು ಹಾಕಿದ್ದ ಮೈಸೂರಿನ ಹಡಗುಗಳನ್ನು ಕಂಡಿತು. 28 ಮತ್ತು 26 ತೋಪುಗಳ ಎರಡು ದೊಡ್ಡ ಹಡಗು, ಒಂದು ಗುರಾಬು, ಕೆಲವು ಸಣ್ಣ ಯುದ್ಧನೌಕೆ, ಜೊತೆಗೆ ಇನ್ನೂ ಚಿಕ್ಕವು.

ದೊಡ್ಡ ಹಡಗು ಅಲ್ಲಿ ಹೊರಗೇ ಯಾಕೆ ನಿಂತಿತ್ತು? ಮಂಗಳೂರಿನ ಅಳಿವೆಯಲ್ಲಿ ಮರಳುದಿಣ್ಣೆ ಇದೆ. ನೇತ್ರಾವತಿಯೂ ಗುರುಪುರ ಹೊಳೆಯೂ ಘಟ್ಟದಿಂದ ಹೊತ್ತು ತಂದ ಮರಳನ್ನು ಅಲೆಗಳು ಹಿಂದಕ್ಕೆ ತಳ್ಳಿ ಕಟ್ಟುವ ದಿಣ್ಣೆ ಅದು. ಮಂಜಿ, ಪಾತೆಮಾರಿಗಳಂಥ ತೀರದ ಹಾಯಿನೌಕೆಗಳು, ಗಲ್ಲಿವತ್ತುಗಳು ಅದನ್ನು ದಾಟುತ್ತಿದ್ದವು. ಆಳದ ತಳದ ಹಡಗು ತುಂಬು ತೋಪಿನೊಂದಿಗೆ ಸಲೀಸಾಗಿ ದಾಟುವಂತಿರಲಿಲ್ಲ. ಹ್ಯೂಸ್ ತನ್ನ ದೊಡ್ಡ ಹಡಗುಗಳನ್ನು ಹೊರಗೇ ನಿಲ್ಲಿಸಿ, ದೋಣಿಗಳಲ್ಲಿ ನಾವಿಕರನ್ನು ಕಳಿಸಿದ. ದಡದ ತೋಪುಗಳು ಬಿಡದೆ ಗುಂಡು ಸುರಿದವು, ಹಡಗುಗಳಲ್ಲಿದ್ದವರು ಗಟ್ಟಿಯಾಗಿಯೇ ಕಾದಿದರು. ಹ್ಯೂಸನ ಕಡೆಯೂ ಸಾವುನೋವು ಆಯಿತು. ಆದರೆ ಸಂಜೆಯ ಹೊತ್ತಿಗೆ ಎರಡು ದೊಡ್ಡ ಹಡಗು ಸುಟ್ಟುಹೋಗಿದ್ದವು, ಒಂದು ಸಣ್ಣ ಯುದ್ಧನೌಕೆ ಸಿಡಿದುಹೋಗಿತ್ತು. ಹನ್ನೆರಡು ವರ್ಷದ ದುಡಿಮೆ ಒಂದು ದಿನದಲ್ಲಿ ಬೂದಿಯಾಯಿತು.

ಹದಿನಾಲ್ಕು ತಿಂಗಳ ನಂತರ ಫ್ರೆಂಚ್ ನೌಕಾದಳ ಕೋರಮಂಡಲ ತೀರಕ್ಕೆ ಬಂತು. ಅದರ ಒಡೆಯ ಪಿಯರ್ ಆಂದ್ರೆ ದ ಸುಫ್ರೆನ್, ಎರೋಸ್ ಎಂಬ 74 ತೋಪಿನ ಹಡಗಿನಲ್ಲಿ. 1782ರ ಫೆಬ್ರವರಿಯಿಂದ 1783ರ ಜೂನ್‌ವರೆಗೆ ಸುಫ್ರೆನ್ ಮತ್ತು ಹ್ಯೂಸ್ ಐದು ಸಲ ಮುಖಾಮುಖಿಯಾದರು. ಸದ್ರಾಸ್, ಪ್ರೊವಿಡಿಯನ್, ನಾಗಪಟ್ಟಣ, ತಿರುಕೋಣಮಲೆ, ಕಡಲೂರು. ಹಾಯಿ ಹಡಗುಗಳ ಯುಗದಲ್ಲಿ ಇಷ್ಟು ಕಡಿಮೆ ಅವಧಿಯಲ್ಲಿ ಇಬ್ಬರೇ ಸೇನಾನಿಗಳು ಹೀಗೆ ಐದು ಸಲ ಸೆಣಸಿದ ಉದಾಹರಣೆ ಬಹಳ ವಿರಳ. ಐದರಲ್ಲೂ ಯಾರೊಬ್ಬರ ದೊಡ್ಡ ಹಡಗೂ ಸೆರೆಯಾಗಲಿಲ್ಲ. ಸುಫ್ರೆನ್‌ಗೆ ತನ್ನದೇ ಬಂದರಿಲ್ಲ, ಕೂವೆಮರವಿಲ್ಲ, ಹಗ್ಗವಿಲ್ಲ. ಅವನು ಹಿಡಿದ ಹಡಗುಗಳ ಸಾಮಾನು ಕಿತ್ತು ತನ್ನವಕ್ಕೆ ಜೋಡಿಸಿಕೊಂಡು ಕಾದಿದ. ಅವನ ಕಪ್ತಾನರಲ್ಲೂ ಹಲವರು ಅವನ ಸೂಚನೆಯಂತೆ ನಡೆಯಲಿಲ್ಲ, ಕೆಲವರನ್ನು ಅವನು ವಾಪಸು ಕಳಿಸಬೇಕಾಯಿತು. ಆದರೂ 1782ರ ಆಗಸ್ಟ್ ಕೊನೆಗೆ ತಿರುಕೋಣಮಲೆಯನ್ನು ಕಿತ್ತುಕೊಂಡ.

1782ರ ಜುಲೈ 26ರಂದು ಕಡಲೂರಿನ ಬಳಿ ಹೈದರ್ ಮತ್ತು ಸುಫ್ರೆನ್ ಭೇಟಿಯಾದರು. ಸುಫ್ರೆನ್ ಭಾರಿ ಮೈಯವನು. ದರಬಾರಿನಲ್ಲಿ ಕಾಲು ಮಡಚಿ ಕೂರುವುದು ಅವನಿಗೆ ಕಷ್ಟವೆಂದು ಕಂಡ ಹೈದರ್ ದಿಂಬು ತರಿಸಿಕೊಟ್ಟು, ಹೇಗೆ ಅನುಕೂಲವೋ ಹಾಗೆ ಕೂರಲು ಹೇಳಿದನಂತೆ. ನೆಲದ ಯುದ್ಧ ಬಲ್ಲ ಮುದುಕನೂ ನೀರಿನ ಯುದ್ಧ ಬಲ್ಲ ಮುದುಕನೂ ಎದುರುಬದುರಾಗಿ ಕೂತ ಆ ಗುಡಾರವನ್ನು ನೆನೆದರೆ ನನಗೆ ಮಂಗಳೂರಿನ ಎದುರು ಸುಟ್ಟುಹೋದ ಹಡಗುಗಳೇ ಕಣ್ಣಿಗೆ ಬರುತ್ತವೆ. ಪಶ್ಚಿಮ ತೀರದಲ್ಲಿ ಮೈಸೂರಿನ ದಳ ಉಳಿದಿದ್ದರೆ ಹ್ಯೂಸ್ ತನ್ನ ಬಲವನ್ನು ಎರಡು ತೀರಕ್ಕೆ ಹಂಚಬೇಕಾಗುತ್ತಿತ್ತು. ಹೈದರ್ ಅದೇ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ತೀರಿಕೊಂಡ.

ಅದರ ಬೆನ್ನಿಗೇ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಸಮುದ್ರದಿಂದ ಬಂದು ಹೊನ್ನಾವರ ಹಿಡಿದ. ಅಲ್ಲಿಂದ ಘಟ್ಟ ಹತ್ತಿ ಬಿದನೂರು, ಮತ್ತೆ ಇಳಿದು ಮಾರ್ಚ್‌ನಲ್ಲಿ ಮಂಗಳೂರು. ಟಿಪ್ಪು ತಂದೆಯ ದಾರಿಯನ್ನೇ ಹಿಡಿದ. ಏಪ್ರಿಲ್ ಕೊನೆಗೆ ಬಿದನೂರು ವಾಪಸು ಪಡೆದು, ಮೇ ತಿಂಗಳಲ್ಲಿ ಘಟ್ಟ ಇಳಿದು ಮಂಗಳೂರಿಗೆ ಮುತ್ತಿಗೆ ಹಾಕಿದ. ಕರಾವಳಿಯ ಮಳೆಗಾಲವಿಡೀ ಕೆಸರಿನ ಕಂದಕಗಳಲ್ಲಿ ನಡೆದ ಆ ಮುತ್ತಿಗೆ ಮುಗಿದದ್ದು 1784ರ ಜನವರಿ 30ರಂದು, ಕರ್ನಲ್ ಕ್ಯಾಂಪ್‌ಬೆಲ್ ಕೋಟೆ ಬಿಟ್ಟುಕೊಟ್ಟಾಗ. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಆ ವರ್ಷವೇ ಗುರುಪುರ ಹೊಳೆಯ ಬಾಯಲ್ಲಿ, ಬೋಳೂರಿನಲ್ಲಿ, ಟಿಪ್ಪು ಕರಿಕಲ್ಲಿನ ಸುಲ್ತಾನ್ ಬತ್ತೇರಿ ಕಟ್ಟಿಸಿದ. ಗೋಡೆಯ ಸುತ್ತ ಸಾಲಾಗಿ ತೋಪಿನ ಕಿಂಡಿಗಳು, ಕೆಳಗೆ ಮದ್ದಿನ ಕೋಣೆ. ಹ್ಯೂಸನ ದೋಣಿಗಳಂಥವು ಮತ್ತೆ ಒಳಗೆ ಬರಬಾರದು ಎಂಬುದೇ ಅದರ ಉದ್ದೇಶ ಎಂದು ಅಲ್ಲಿ ನಿಂತವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಟಿಪ್ಪುವಿಗೆ ಹಡಗು ಕಾಳಗಕ್ಕೆ ಮಾತ್ರ ಬೇಕಾಗಿರಲಿಲ್ಲ, ವ್ಯಾಪಾರಕ್ಕೂ ಬೇಕಿತ್ತು. ಮಸ್ಕತ್ತಿನಲ್ಲಿ ಅವನ ಕೋಠಿ ಇತ್ತು. 1786ರ ಮಾರ್ಚ್‌ನಲ್ಲಿ ತದಡಿಯಿಂದ ನಾಲ್ಕು ಹಡಗುಗಳು ತುರ್ಕಿಯ ಸುಲ್ತಾನನ ಕಡೆಗೆ ಹೊರಟವು. ಗುಲಾಂ ಅಲಿ ಖಾನನ ಮುಂದಾಳತ್ವದಲ್ಲಿ ಸುಮಾರು 900 ಮಂದಿ, ಜೊತೆಗೆ ಗಂಧ, ಸಾಂಬಾರ ಪದಾರ್ಥ. ಬಸ್ರಾ ಬಂದರನ್ನು ತನಗೆ ಗುತ್ತಿಗೆಗೆ ಕೊಟ್ಟರೆ ಬದಲಿಗೆ ಮಂಗಳೂರಿನಲ್ಲಿ ತುರ್ಕರಿಗೆ ಸೌಲಭ್ಯ ಕೊಡುವುದಾಗಿ ಟಿಪ್ಪು ಹೇಳಿ ಕಳಿಸಿದ್ದ. ಬಿರುಗಾಳಿ, ಬೆಂಕಿ, ರೋಗ ಸೇರಿ ಆ ಹಡಗುಗಳನ್ನೂ ಜನರನ್ನೂ ನುಂಗಿದವು. ಬದುಕಿ ವಾಪಸು ಬಂದವರು ಕೆಲವೇ ಮಂದಿ.

ಮೂರನೆಯ ಯುದ್ಧದಲ್ಲಿ ಮೈಸೂರಿನ ಎದುರು ಇಬ್ಬರು ಅಣ್ಣತಮ್ಮಂದಿರು ನಿಂತರು. ನೆಲದ ಮೇಲೆ ಗವರ್ನರ್ ಜನರಲ್ ಚಾರ್ಲ್ಸ್ ಕಾರ್ನ್‌ವಾಲಿಸ್, ಕಡಲಿನಲ್ಲಿ ಅವನ ತಮ್ಮ ವಿಲಿಯಂ ಕಾರ್ನ್‌ವಾಲಿಸ್. ಇಂಗ್ಲೆಂಡಿಗೂ ಫ್ರಾನ್ಸಿಗೂ ಆಗ ಶಾಂತಿ ಇತ್ತು. ಆದರೂ ಮಾಹೆಯಿಂದ ಮಂಗಳೂರಿನ ಕಡೆಗೆ ಹೊರಟ ಫ್ರೆಂಚ್ ವ್ಯಾಪಾರಿ ಹಡಗುಗಳಲ್ಲಿ ಟಿಪ್ಪುವಿಗೆ ಮದ್ದುಗುಂಡು ಹೋಗುತ್ತಿದೆ ಎಂಬ ಗುಮಾನಿಯಲ್ಲಿ, 1791ರ ನವೆಂಬರ್ 18ರಂದು ತಲಚೇರಿಯ ಎದುರು ಸರ್ ರಿಚರ್ಡ್ ಸ್ಟ್ರಾಚನ್‌ನ ಫೀನಿಕ್ಸ್ ಹಡಗು ತಪಾಸಣೆಗೆ ನುಗ್ಗಿತು. ಕಾವಲಿದ್ದ ಫ್ರೆಂಚ್ ಫ್ರಿಗೇಟ್ ರೆಜೊಲ್ಯು ಗುಂಡು ಹಾರಿಸಿತು. ಸ್ವಲ್ಪ ಹೊತ್ತಿನಲ್ಲೇ ಫ್ರೆಂಚರ ಕಡೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು, ಹಡಗು ಬಾವುಟ ಇಳಿಸಿತು. ಶಾಂತಿಯ ಕಾಲದಲ್ಲಿ ಎರಡು ಯುರೋಪಿಯನ್ ರಾಜ್ಯಗಳ ಹಡಗುಗಳು ಹೊಡೆದಾಡಿದ್ದು ಮಂಗಳೂರಿನ ದಾರಿಗಾಗಿ.

1792ರ ಶ್ರೀರಂಗಪಟ್ಟಣ ಒಪ್ಪಂದ ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡಿತು. ಮಲಬಾರ್ ಹೋಯಿತು, ಕೊಡಗು ಕೈತಪ್ಪಿತು. ಬಿಸಿಲೆಯಲ್ಲಿ ನಿಂತು ನೋಡಿದರೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ಕಣಿವೆಯ ಆಚೆ ಎದ್ದು ನಿಂತ ಪುಷ್ಪಗಿರಿ, ಕುಮಾರಪರ್ವತಗಳ ಸಾಲು ಕೊಡಗಿನ ಗಡಿ. ಅಲ್ಲಿ ದೊಡ್ಡ ವೀರರಾಜೇಂದ್ರ ಇಂಗ್ಲಿಷರ ಮಿತ್ರನಾಗಿ ಕುಳಿತಿದ್ದ. ಇತ್ತ ಈಚೆಯ ಏಣು ಟಿಪ್ಪುವಿನದು. ಕೊಡಗಿನ ಮೂಲಕ ಕಡಲಿಗೆ ಇಳಿಯುವ ದಾರಿಗಳು ಮುಚ್ಚಿಹೋದ ಮೇಲೆ, ರಾಜಧಾನಿಯಿಂದ ಮಂಗಳೂರಿಗೆ ನೇರ ಹಾದಿ ಎಂದರೆ ಬಲಂ ಸೀಮೆಯ, ಅಂದರೆ ಇಂದಿನ ಸಕಲೇಶಪುರದ ಈ ಬೆಟ್ಟಗಳೇ. ಅದೇ 1792ರಲ್ಲಿ ಸಕಲೇಶಪುರದ ಬಳಿ ದೋಣಿಗಾಲ್ ಮೇಲಿನ ಗುಡ್ಡದಲ್ಲಿ ಮಂಜರಾಬಾದ್ ಕೋಟೆ ಎದ್ದದ್ದು ಕಾಕತಾಳೀಯವಲ್ಲ ಎಂದು ನಾನು ನಂಬಿದ್ದೇನೆ.

ಆ ಕೋಟೆ ನಮ್ಮ ಹಳೆಯ ಗುಡ್ಡಗೋಟೆಗಳಂತೆ ಬಂಡೆಗೆ ಅಂಟಿಕೊಂಡು ಬೆಳೆದದ್ದಲ್ಲ. ಎಂಟು ಮೂಲೆಯ ನಕ್ಷತ್ರ, ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನ್ ರೂಢಿಗೆ ತಂದ ಮಾದರಿ. ಒಂದು ಮೂಲೆಯ ಮೇಲೆ ಏರಿಬರುವವನನ್ನು ಪಕ್ಕದ ಎರಡು ಮೂಲೆಗಳಿಂದ ಹೊಡೆಯಬಹುದು. ಗುಂಡಿಗೆ ಸಿಕ್ಕದ ಜಾಗ ಎಂಬುದೇ ಗೋಡೆಯ ಬುಡದಲ್ಲಿ ಇಲ್ಲ. ಸುತ್ತ ಕಂದಕ, ಗೋಡೆಯಲ್ಲಿ ಕೋವಿಗಿಂಡಿಗಳು. ಒಳಗೆ ನಡುಮಧ್ಯದಲ್ಲಿ ಶಿಲುಬೆಯಾಕಾರದ ಮೆಟ್ಟಿಲುಗೊಳ, ಅದರ ಬಳಿ ನೆಲದಡಿಯ ಕೋಣೆಗಳು. ಏಪ್ರಿಲ್ ಬಿಸಿಲಿನಲ್ಲೂ ಆ ಕೋಣೆಗಳಿಗೆ ಇಳಿದರೆ ಮೈಗೆ ತಣ್ಣನೆಯ ಗಾಳಿ ತಾಕುತ್ತದೆ. ಮದ್ದು ಒಣಗಿರಬೇಕು, ಕಾಯಲೂಬಾರದು. ವರ್ಷದ ಅರ್ಧ ಜೀರುಮಳೆ, ಮಂಜು ಇರುವ ಈ ಮಲೆಯಲ್ಲಿ ಅದನ್ನು ಸಾಧಿಸುವುದು ಸಣ್ಣ ಮಾತಲ್ಲ. ಪಶ್ಚಿಮದ ಗೋಡೆಯ ಮೇಲೆ ನಿಂತರೆ ಕೆಳಗೆ ಶಿರಾಡಿಯ ಕಡೆಗೆ ಇಳಿಯುವ ಕಾಡು. ಮೈಸೂರಿನ ಕಡಲ ಕಾವಲು ನಿಂತದ್ದು ಕಡಲಿನಿಂದ ಇಷ್ಟು ಮೇಲೆ, ಸುಮಾರು 988 ಮೀಟರ್ ಎತ್ತರದಲ್ಲಿ.

ಈ ದಾರಿ ಉಳಿಸಿಕೊಂಡ ಟಿಪ್ಪು 1796ರಲ್ಲಿ ತನ್ನ ಜೀವನದ ಅತಿ ದೊಡ್ಡ ನೌಕಾ ಯೋಜನೆಗೆ ಕೈಹಾಕಿದ. ಅಲ್ಲಿಯವರೆಗೆ ನೌಕಾಪಡೆ ವ್ಯಾಪಾರ ಇಲಾಖೆಯ ಕೈಕೆಳಗಿತ್ತು. ಈಗ ಅದಕ್ಕೆ ಪ್ರತ್ಯೇಕ ಕಚೇರಿ ಆಯಿತು. ಮೀರ್ ಯಮ್ ಎಂಬ 11 ಮಂದಿ ನೌಕಾ ಮುಖ್ಯಸ್ಥರು, ಅವರ ಕೆಳಗೆ ಮೀರ್ ಬಹರ್ ಎಂಬ 30 ಮಂದಿ ನೌಕಾಧಿಕಾರಿಗಳು. ಸುಮಾರು 40 ಹಡಗು ಕಟ್ಟಬೇಕೆಂದು ಆಜ್ಞೆ, ಅರ್ಧ ಸಾಲುಯುದ್ಧದ ದೊಡ್ಡ ಹಡಗುಗಳು, ಅರ್ಧ ಫ್ರಿಗೇಟುಗಳು. ದೊಡ್ಡವಕ್ಕೆ 72 ತೋಪು. ಕಟ್ಟೆಗಳು ಮಂಗಳೂರು, ಮಿರ್ಜಾನ್ ಕಡೆ, ಸದಾಶಿವಗಡದ ಕಡೆ. ಮಾದರಿಯೊಂದನ್ನು ಸುಲ್ತಾನನೇ ಕಳಿಸಿದ, ಮೂತಿಯಲ್ಲಿ ಹುಲಿಯ ಮುಖ ಇರಬೇಕೆಂದು ಹೇಳಿ. ಮರವನ್ನು ಸರಕಾರದ ಕಾಡುಗಳಲ್ಲಿ ಕಡಿದು ನದಿಗಳಲ್ಲಿ ತೇಲಿಸಿ ತರಬೇಕು ಎಂಬುದೂ ಆ ಆಜ್ಞೆಯಲ್ಲೇ ಇದೆ.

ಈ ಕಾಡಿನ ಮಾತು ಇಲ್ಲಿ ಹೇಳಲೇಬೇಕು. 74 ತೋಪಿನ ಒಂದು ಹಡಗಿಗೆ ಇಂಗ್ಲೆಂಡಿನಲ್ಲಿ ಸುಮಾರು 2000 ಓಕ್ ಮರ ಬೇಕಾಗುತ್ತಿತ್ತು ಎಂಬ ಅಂದಾಜಿದೆ. ನಮ್ಮಲ್ಲಿ ಓಕಿನ ಜಾಗದಲ್ಲಿ ತೇಗ. ಎಣ್ಣೆಯಂಶವಿರುವುದರಿಂದ ತೇಗಕ್ಕೆ ಹುಳ ಹಿಡಿಯುವುದು ಕಷ್ಟ, ಕಬ್ಬಿಣದ ಮೊಳೆಯನ್ನೂ ಅದು ತಿನ್ನುವುದಿಲ್ಲ. ಬಿಸಿಲೆಯಂಥ ದಟ್ಟ ನಿತ್ಯಹರಿದ್ವರ್ಣದ ಕಾಡು ತೇಗದ ನೆಲೆಯಲ್ಲ. ತೇಗ ಬೆಳೆಯುವುದು ಇದಕ್ಕಿಂತ ಕಡಿಮೆ ಮಳೆಯ, ಎಲೆ ಉದುರುವ ಕಾಡುಗಳಲ್ಲಿ, ಉತ್ತರ ಕೆನರಾದಲ್ಲಿ, ಮಲಬಾರಿನಲ್ಲಿ. ಘಟ್ಟದ ಈ ಒದ್ದೆ ಕಾಡು ಕೊಡುವುದು ಬೇರೆಯದನ್ನು. ಸುರಹೊನ್ನೆ, ಬೊಬ್ಬಿ ಎಂದೆಲ್ಲ ಕರೆಯುವ ಹೊನ್ನೆ ಜಾತಿಯ ಮರಗಳು ಇಲ್ಲಿ ಬೆಳಕಿಗಾಗಿ ನೂರಡಿ ನೆಟ್ಟಗೆ ಏರುತ್ತವೆ, ಕೆಳಗೆ ಎಲ್ಲೂ ಕೊಂಬೆ ಒಡೆಯುವುದಿಲ್ಲ. ಕೂವೆಮರಕ್ಕೆ ಇದಕ್ಕಿಂತ ಒಳ್ಳೆಯದು ಈ ಸಮುದ್ರದಲ್ಲಿ ಇರಲಿಲ್ಲ. ಇಂಗ್ಲಿಷರ ನೌಕಾ ದಾಖಲೆಗಳಲ್ಲಿ ಇದೇ ಪೂನ್ ಮರ. ದೋಣಿಯ ಹಲಗೆಗೆ ಹೆಬ್ಬಲಸು, ಕಿರಾಲುಬೋಗಿ. ಬಿಸಿಲೆಯ ರಸ್ತೆಯಲ್ಲಿ ಕತ್ತೆತ್ತಿ ನೋಡುವವರು ಇವುಗಳನ್ನು ಇಂದಿಗೂ ಕಾಣಬಹುದು. ಕೂವೆಮರವಾಗಲು ಒಂದು ಹೊನ್ನೆಗೆ ಹಲವು ತಲೆಮಾರು ಬೇಕು, ಕಡಿದುರುಳಿಸಲು ಒಂದು ದಿನ ಸಾಕು.

ಮರ ಇತ್ತು. ಮೀರ್ ಬಹರ್‌ಗಳ ಪಟ್ಟಿಯೂ ಇತ್ತು. ಆದರೆ ಮೂರು ವರ್ಷದಲ್ಲಿ ಶೂನ್ಯದಿಂದ ನಲವತ್ತು ಹಡಗಿನ ಪಡೆ ಏಳುವುದಿಲ್ಲ. ಮೊಗವೀರರು, ಖಾರ್ವಿಗಳು, ಮಾಪಿಳ್ಳೆ ನಾವಿಕರು ತುಂಬಿದ್ದ ತೀರದಲ್ಲಿ ಹುಟ್ಟಿ ಬೆಳೆದ ಒಬ್ಬ ನಾವಿಕ ಅಡ್ಮಿರಲ್ ಆದ ಸುದ್ದಿ ಈ ಆಜ್ಞೆಗಳಲ್ಲಿ ನನಗೆ ಕಾಣುವುದಿಲ್ಲ. ಎಲ್ಲವೂ ಮೇಲಿನಿಂದ, ಶ್ರೀರಂಗಪಟ್ಟಣದಿಂದ, ಕೆಳಕ್ಕೆ ಇಳಿಯುವ ಆಜ್ಞೆಗಳು. 1768ರಲ್ಲಿ ತಂದೆ ಎಡವಿದಲ್ಲೇ ಮಗನೂ ಎಡವಿದ ಎಂದು ನನ್ನ ಅಭಿಪ್ರಾಯ, ಅವನ ದೂರದೃಷ್ಟಿಯ ಮೇಲೆ ನನಗಿರುವ ಗೌರವ ಇದರಿಂದ ಕಡಿಮೆಯಾಗುವುದಿಲ್ಲ.

1798ರ ಏಪ್ರಿಲ್‌ನಲ್ಲಿ ಮಂಗಳೂರಿಗೆ ಕೊನೆಯದಾಗಿ ಫ್ರೆಂಚರ ನೆರವು ಬಂತು. ಲೆರ್ಮಿತ್ ಎಂಬ ದಿಟ್ಟ ಕಪ್ತಾನನ ಪ್ರನೆಜ್ ಫ್ರಿಗೇಟ್, ದಾರಿಯಲ್ಲಿ ತಲಚೇರಿಯ ಎದುರೇ ಕಂಪನಿಯ ವುಡ್‌ಕೋಟ್ ಮತ್ತು ರೇಮಂಡ್ ಹಡಗುಗಳನ್ನು ಸೆರೆಹಿಡಿದು, ಟಿಪ್ಪುವಿನ ರಾಯಭಾರಿಗಳನ್ನೂ ಸ್ವಯಂಸೇವಕರನ್ನೂ ಇಲ್ಲಿ ಇಳಿಸಿತು. ಸಾವಿರಗಟ್ಟಲೆ ಸೈನಿಕರನ್ನು ಎದುರುನೋಡಿದ್ದ ಟಿಪ್ಪುವಿಗೆ ಸಿಕ್ಕಿದ್ದು ಸುಮಾರು ನೂರು ಮಂದಿ. ಅಷ್ಟಕ್ಕೇ ಗವರ್ನರ್ ಜನರಲ್ ಲಾರ್ಡ್ ವೆಲ್ಲೆಸ್ಲಿಗೆ ಯುದ್ಧಕ್ಕೆ ನೆಪ ಸಿಕ್ಕಿತು.

ಅದೇ ವರ್ಷ ಆಗಸ್ಟ್ 1ರಂದು ನೈಲ್ ನದಿಯ ಬಾಯಲ್ಲಿ, ಅಬೂಕಿರ್ ಕೊಲ್ಲಿಯಲ್ಲಿ, ಬೊನಪಾರ್ಟೆಯನ್ನು ಈಜಿಪ್ಟಿಗೆ ತಂದ ಫ್ರೆಂಚ್ ನೌಕಾಪಡೆಯನ್ನು ಬ್ರಿಟಿಷ್ ದಳವೊಂದು ಸುಟ್ಟು ಮುಳುಗಿಸಿತು. ಅದರ ಸೇನಾನಿ ನೆಲ್ಸನ್, ಇಪ್ಪತ್ಮೂರು ವರ್ಷ ಹಿಂದೆ ಸೀಹಾರ್ಸ್‌ನಲ್ಲಿದ್ದ ಹುಡುಗ. ನಮ್ಮ ಕಡಲನ್ನು ಕಣ್ಣಾರೆ ಕಂಡಿದ್ದವನಾದ್ದರಿಂದ ಈಜಿಪ್ಟಿನ ಆಚೆ ಯಾವ ಬಂದರಿದೆ ಎಂಬುದು ಅವನಿಗೆ ತಿಳಿದಿತ್ತು. ಗೆಲುವಿನ ಸುದ್ದಿಯೊಂದಿಗೆ ಡುವಾಲ್ ಎಂಬ ಅಧಿಕಾರಿಯನ್ನು ಅಲೆಪ್ಪೊ, ಬಾಗ್ದಾದ್, ಬಸ್ರಾ ಮಾರ್ಗವಾಗಿ ಬೊಂಬಾಯಿಗೆ ಓಡಿಸಿದ. ಕಂಪನಿ ನೆಲ್ಸನ್‌ಗೆ 10,000 ಪೌಂಡ್ ಬಹುಮಾನ ಕೊಟ್ಟಿತು. 1799ರ ಜನವರಿಯಲ್ಲಿ ಬೊನಪಾರ್ಟೆ ಕೈರೋದಿಂದ ಟಿಪ್ಪುವಿಗೆ ಬರೆದ ಕಾಗದ ಇಂಗ್ಲಿಷರ ಕೈಗೆ ಸಿಕ್ಕಿತು, ಮೈಸೂರಿಗೆ ತಲುಪಲಿಲ್ಲ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಬಲಂ ಸೀಮೆ ಮಾತ್ರ ಕೂಡಲೇ ಬಗ್ಗಲಿಲ್ಲ. ಐಗೂರಿನ ಪಾಳೆಯಗಾರ ಈ ಕಾಡುಗಳನ್ನು ಹಿಡಿದುಕೊಂಡು ಎರಡೂವರೆ ವರ್ಷ ಇಂಗ್ಲಿಷರಿಗೆ ಮಂಗಳೂರಿನ ದಾರಿ ಬಿಡಲಿಲ್ಲ. ಬಿದಿರು, ಮುಳ್ಳುಬೇಲಿ, ಕಂದಕಗಳಿಂದ ಭದ್ರವಾಗಿದ್ದ ಅರಕೆರೆಯನ್ನು ಆರ್ಥರ್ ವೆಲ್ಲೆಸ್ಲಿಯ ಪಡೆ 1802ರ ಜನವರಿಯಲ್ಲಿ ಹಿಡಿಯಿತು. ಫೆಬ್ರವರಿಯಲ್ಲಿ ಪಾಳೆಯಗಾರನನ್ನು ಗಲ್ಲಿಗೇರಿಸಿ, ಕಾಡಿನೊಳಗೆ ಅಗಲವಾದ ದಾರಿಗಳನ್ನು ಕಡಿಸಿದರು.

ಮುಂದೆ ಘಟ್ಟದ ಮರ ಬೊಂಬಾಯಿಗೆ ಹೋಯಿತು. 1806ರಲ್ಲಿ ಕಂಪನಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಅರಣ್ಯಾಧಿಕಾರಿಯಾಗಿ ನೇಮಿಸಿ ಮಲಬಾರ್ ತೀರದ ತೇಗವನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಜನರ ದೂರು ಹೆಚ್ಚಾಗಿ, ಥಾಮಸ್ ಮನ್ರೋ ಮದ್ರಾಸಿನ ಗವರ್ನರ್ ಆಗಿದ್ದಾಗ ಅದು ರದ್ದಾಯಿತು. ಆ ಹೊತ್ತಿಗೆ ಬೊಂಬಾಯಿ ಕಟ್ಟೆಯಲ್ಲಿ 74 ತೋಪಿನ ಮಿಂಡನ್ 1810ರಲ್ಲಿ, ಕಾರ್ನ್‌ವಾಲಿಸ್ 1813ರಲ್ಲಿ, ವೆಲ್ಲೆಸ್ಲಿ 1815ರಲ್ಲಿ ನೀರಿಗಿಳಿದಿದ್ದವು. ಟಿಪ್ಪು ಕಾಗದದ ಮೇಲೆ ಬಿಟ್ಟುಹೋದ ಅಳತೆಯ ಹಡಗುಗಳು, ಕೊನೆಯ ಎರಡಕ್ಕೆ ಶ್ರೀರಂಗಪಟ್ಟಣವನ್ನು ಗೆದ್ದವರ ಹೆಸರುಗಳು. ಕಾರ್ನ್‌ವಾಲಿಸ್ ಮೇಲೆ 1842ರಲ್ಲಿ ಚೀನಾದೊಂದಿಗೆ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿತ್ತು. ವೆಲ್ಲೆಸ್ಲಿ 1940ರವರೆಗೂ ಥೇಮ್ಸ್ ನದಿಯಲ್ಲಿ ತೇಲುತ್ತಿತ್ತು, ಅದನ್ನು ಮುಳುಗಿಸಲು ಜರ್ಮನರ ಬಾಂಬು ಬೇಕಾಯಿತು.

ಇವನ್ನೆಲ್ಲ ಕಟ್ಟಿದವನು ಇಂಗ್ಲಿಷನಲ್ಲ. ಜಮ್ಶೆಟ್‌ಜಿ ಬೊಮನ್‌ಜಿ ವಾಡಿಯಾ, ಸೂರತ್ತಿನ ಪಾರ್ಸಿ ಬಡಗಿಗಳ ಮನೆತನದವನು. ಆ ಮನೆತನದ ಲೊವ್‌ಜಿ 1736ರಲ್ಲಿ ಬೊಂಬಾಯಿಗೆ ಬಂದು ಉಳಿ ಹಿಡಿದ ಮೇಲೆ ಕಟ್ಟೆಯ ಮೇಸ್ತ್ರಿಗಿರಿ ತಲೆಮಾರಿನಿಂದ ತಲೆಮಾರಿಗೆ ಆ ಮನೆಯಲ್ಲೇ ನಡೆದುಬಂತು. ಭಟ್ಕಳದಲ್ಲಿ, ಮಂಗಳೂರಿನಲ್ಲಿ, ಹೊನ್ನಾವರದಲ್ಲಿ ಹೈದರನ ಹಡಗು ಕಟ್ಟಿದ ಬಡಗಿಗಳೂ ಅಷ್ಟೇ ಕೈಚಳಕದವರಿದ್ದಿರಬೇಕು. ಅವರ ಮಕ್ಕಳು ಅದೇ ತೀರದಲ್ಲಿ ಮಂಜಿ, ಪಾತೆಮಾರಿಗಳನ್ನು ಕಟ್ಟುತ್ತ ಮುಂದುವರಿದರು.